ಸೊಳ್ಳೆಗೆ ಮಲೇರಿಯಾ ಕೊಟ್ಟವರು ಯಾರು?

ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತದೆ ಅಂತ ಒಂದನೇ ತರಗತಿಯವರೂ ಹೇಳುತ್ತಾರೆ. ಹಾಗಾದರೆ ಸೊಳ್ಳೆಗೆ ಅದು ಎಲ್ಲಿಂದ ಬಂತು? ನಾನು ಕೇಳಿದಾಗ ನಮ್ಮ ಕ್ಲಾಸಿನಲ್ಲಿ ಎಲ್ಲರೂ "ಗಟಾರದಿಂದ" ಅಂದರು. ಅದು ತಪ್ಪು. ನೀರಿನಿಂದ ಎದ್ದು ಹಾರುವಾಗ ಸೊಳ್ಳೆಯ ಮೈಯಲ್ಲಿ ಮಲೇರಿಯಾ ಇರುವುದಿಲ್ಲ. ಮಲೇರಿಯಾ ಇರುವ ಮನುಷ್ಯನ ರಕ್ತ ಕುಡಿದ ಮೇಲೆಯೇ ಹೆಣ್ಣು ಅನಾಫಿಲಿಸ್ ಸೊಳ್ಳೆಗೆ ಅದು ಬರುತ್ತದೆ. ಕೊಡುವವರು ನಾವೇ!

ನನಗೆ ಈ ಪ್ರಶ್ನೆ ಬರಲು ಕಾರಣವಿದೆ. ಹೋದ ವರ್ಷ ನನ್ನ ತಮ್ಮನಿಗೆ ಮಲೇರಿಯಾ ಆಗಿತ್ತು. ಜ್ವರ ಇಳಿದ ಕೂಡಲೇ ಅವ್ವ ಸೊಳ್ಳೆಪರದೆ ಬಿಚ್ಚಿ ಟ್ರಂಕಿನಲ್ಲಿಟ್ಟಳು. ಸುಮಾರು ಒಂದು ತಿಂಗಳಿಗೆ ಅಜ್ಜಿಗೂ ಬಂತು.

ಮನುಷ್ಯನಿಂದ ಸೊಳ್ಳೆಗೆ ಹೋಗುವುದನ್ನು ನಮ್ಮ ದೇಶದಲ್ಲೇ ಕಂಡುಹಿಡಿದರು. ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯರು 1897ರಲ್ಲಿ ಸಿಕಂದರಾಬಾದಿನಲ್ಲಿದ್ದರು. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಗಳಿಂದ ಕಚ್ಚಿಸಿದರು. ಒಂದು ಸೊಳ್ಳೆಗೆ ಒಂದು ಆಣೆ ಕೂಲಿ! ಹತ್ತು ಸೊಳ್ಳೆ ಕಚ್ಚಿದ್ದಕ್ಕೆ ಹತ್ತು ಆಣೆ ಸಿಕ್ಕಿತಂತೆ. ಆಗಸ್ಟ್ 20ರಂದು ರಾಸ್ ಅವರು ಅದರಲ್ಲಿ ಒಂದು ಸೊಳ್ಳೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಗುಳ್ಳೆಗಳು ಕಂಡವು. ಮರುದಿನ ಇನ್ನೊಂದನ್ನು ಸೀಳಿದರೆ ಗುಳ್ಳೆಗಳು ಇನ್ನೂ ದೊಡ್ಡದಾಗಿದ್ದವು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. (ಹುಸೇನ್ ಖಾನರಿಗೆ ಹತ್ತು ಆಣೆ ಮಾತ್ರ.)

ಈಗಲೂ ಕ್ರಮ ಹೆಚ್ಚುಕಡಿಮೆ ಅದೇ. ರಕ್ತ ನೋಡಿದರೆ ಸಾಕಲ್ಲ, ಸೊಳ್ಳೆ ಯಾಕೆ ಸೀಳಬೇಕು ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಜ್ವರ ತರುವ ಮಲೇರಿಯಾ ಜೀವಿಗಳು ಸೊಳ್ಳೆಯ ಹೊಟ್ಟೆಯಲ್ಲಿ ಬದುಕುವುದಿಲ್ಲ. ಅವುಗಳಲ್ಲಿ ಕೆಲವು ಮಾತ್ರ ಗಂಡು ಮತ್ತು ಹೆಣ್ಣು ರೂಪ ತಾಳುತ್ತವೆ. ಇವಕ್ಕೆ ಗ್ಯಾಮಿಟೊಸೈಟ್ ಎಂದು ಹೆಸರು. ಸೊಳ್ಳೆ ಹೀರುವ ಚೂರು ರಕ್ತದಲ್ಲಿ ಕಡಿಮೆ ಅಂದರೂ ಒಂದು ಗಂಡು, ಒಂದು ಹೆಣ್ಣು ಇದ್ದು ಹೊಟ್ಟೆಯಲ್ಲಿ ಕೂಡಬೇಕು. ಕೆಲವರ ರಕ್ತದಲ್ಲಿ ಅವು ಬಹಳ ಇದ್ದರೂ ಸೊಳ್ಳೆಗೆ ಹತ್ತುವುದಿಲ್ಲ. ಕೆಲವರ ರಕ್ತದಲ್ಲಿ ಕಣ್ಣಿಗೇ ಬೀಳದಿದ್ದರೂ ಹತ್ತುತ್ತದೆ. ಅದಕ್ಕೇ ಸೊಳ್ಳೆಯನ್ನೇ ಕೇಳಬೇಕು.

ಕೇಳುವುದು ಹೇಗೆಂದರೆ, ಪ್ರಯೋಗಶಾಲೆಯಲ್ಲಿ ಮೊಟ್ಟೆಯಿಂದ ಸಾಕಿದ, ರೋಗವಿಲ್ಲದ ಸೊಳ್ಳೆಗಳನ್ನು ಹಸಿದಿಡುತ್ತಾರೆ. ಬಾಯಿಗೆ ಬಲೆ ಕಟ್ಟಿದ ಲೋಟದಲ್ಲಿ ಹಾಕಿ ಮನುಷ್ಯನ ಕೈಗೋ ಮೀನಖಂಡಕ್ಕೋ ಹಿಡಿಯುತ್ತಾರೆ. ಇಲ್ಲವೇ ರಕ್ತ ತೆಗೆದು ಗಾಜಿನ ಪಾತ್ರೆಗೆ ಹಾಕಿ, ಸುತ್ತಲೂ 37 ಡಿಗ್ರಿ ಬೆಚ್ಚಗಿನ ನೀರು ಹರಿಸಿ, ಕೆಳಗೆ ತೆಳ್ಳಗಿನ ಪೊರೆ ಕಟ್ಟಿರುತ್ತಾರೆ. ಸೊಳ್ಳೆ ಅದನ್ನು ಚರ್ಮ ಅಂದುಕೊಂಡು ಚುಚ್ಚಿ ಕುಡಿಯುತ್ತದೆ! ಕುಡಿದ ಸೊಳ್ಳೆಗಳನ್ನು ಸುಮಾರು ಒಂದು ವಾರ ಸಕ್ಕರೆ ನೀರು ಕೊಟ್ಟು ಸಾಕಿ, ಹೊಟ್ಟೆ ಸೀಳಿ, ಮರ್ಕ್ಯುರೋಕ್ರೋಮ್ ಹಾಕುತ್ತಾರೆ. ಹಿಂದೆ ಗಾಯಕ್ಕೆ ಹಚ್ಚುತ್ತಿದ್ದರಲ್ಲ, ಅದೇ ಕೆಂಪು ಔಷಧ. ಗುಳ್ಳೆ ಇದ್ದರೆ ಬಣ್ಣ ಹಿಡಿದು ಕಾಣುತ್ತದೆ. 60 ಸೊಳ್ಳೆಯಲ್ಲಿ 6ಕ್ಕೆ ಗುಳ್ಳೆ ಇದ್ದರೆ ಶೇಕಡಾ 10. ನಮ್ಮ ಗಣಿತದ ಲೆಕ್ಕವೇ.

ಆಫ್ರಿಕಾದ ಉಗಾಂಡ ದೇಶದ ನಾಗೊಂಗೆರಾ ಎಂಬಲ್ಲಿ ಹೀಗೆ ಪರೀಕ್ಷೆ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಜ್ವರ ಬಂದು ಮಲಗಿದವರಿಂದ ಸೊಳ್ಳೆಗೆ ಹೋಗಿದ್ದು ಶೇಕಡಾ ಒಂದೂ ಇಲ್ಲ! ಮಿಕ್ಕಿದ್ದೆಲ್ಲ ಜ್ವರವಿಲ್ಲದೆ ಆರಾಮ ಓಡಾಡುವವರಿಂದ. ಅರ್ಧಕ್ಕಿಂತ ಹೆಚ್ಚು 5ರಿಂದ 15 ವರ್ಷದವರಿಂದ, ಅಂದರೆ ನಮ್ಮಂಥ ಶಾಲೆ ಹುಡುಗರಿಂದ.

ತಮ್ಮನ ಚೀಟಿಯಲ್ಲಿ ಪಿ.ಎಫ್. ಎಂದು ಬರೆದಿತ್ತು. ಅಂದರೆ ಫಾಲ್ಸಿಪಾರಂ ಜಾತಿ. ಇದರಲ್ಲಿ ಜ್ವರ ಬಿಟ್ಟ ಮೇಲೂ ಗ್ಯಾಮಿಟೊಸೈಟ್‌ಗಳು ರಕ್ತದಲ್ಲಿ ವಾರಗಟ್ಟಲೆ ಉಳಿಯಬಹುದು. ಅವನ್ನು ಕೊಲ್ಲಲಿಕ್ಕೆ ಪ್ರಿಮಾಕ್ವಿನ್ ಎಂಬ ಗುಳಿಗೆ ಕೊಡುತ್ತಾರೆ. ನಮ್ಮ ಮನೆಗೂ ಕೊಟ್ಟಿದ್ದರು. ತಮ್ಮ ಅದನ್ನು ಕಹಿ ಅಂತ ಹಿತ್ತಲಲ್ಲಿ ಉಗುಳಿದ್ದನ್ನು ನಾನು ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ. ಅಜ್ಜಿಗೆ ಅವನಿಂದಲೇ ಬಂತು ಅಂತ ಹೇಳಲಾಗದು, ನಮ್ಮ ಮನೆಯ ಸೊಳ್ಳೆಯನ್ನು ಯಾರೂ ಸೀಳಿ ನೋಡಿಲ್ಲ. ಆದರೆ ಸೊಳ್ಳೆಯಲ್ಲಿ ಹತ್ತು ಹನ್ನೆರಡು ದಿನ, ಆಮೇಲೆ ಮನುಷ್ಯನಲ್ಲಿ ಹತ್ತು ಹದಿನೈದು ದಿನ ಅಂತ ಕೂಡಿಸಿದರೆ ಲೆಕ್ಕ ಸರಿ ಬರುತ್ತದೆ.

ಅಜ್ಜಿ ಈಗ ಆರಾಮ ಇದ್ದಾಳೆ. ಗುಳಿಗೆಯ ವಿಷಯ ಮೊನ್ನೆ ಅವ್ವನಿಗೆ ಹೇಳಿದೆ. ತಮ್ಮನಿಗಿಂತ ನನಗೇ ಹೆಚ್ಚು ಬೈದಳು.