ಕಂದು ನೀರಿಗಿಳಿದ ಕ್ಯಾಮೆರಾಗಳು

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ನೀರು ತೆಳು ಡಿಕಾಕ್ಷನ್ನಿನ ಬಣ್ಣದ್ದು. ಸುತ್ತಲ ಬೆಟ್ಟಗಳಲ್ಲಿ ಪಾಚಿ, ಹುಲ್ಲು ಅರೆಬರೆ ಕೊಳೆತು ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತಿವೆ. ಪೀಟ್ ಎಂದು ಕರೆಯುವ ಆ ಕಪ್ಪು ಮಣ್ಣನ್ನು ತೊಳೆದುಕೊಂಡೇ ಮಳೆನೀರು ಸರೋವರಕ್ಕೆ ಇಳಿಯುತ್ತದೆ. ಮೇಲಿನ ಕೆಲವು ಮೀಟರ್ ದಾಟಿದರೆ ಕಂದು ಗಾಢವಾಗುತ್ತದೆ, ಅದರ ಕೆಳಗೆ ಬರೀ ಕತ್ತಲೆ. ಸರೋವರದ ಉದ್ದ ಸುಮಾರು 37 ಕಿಲೋಮೀಟರ್, ಗರಿಷ್ಠ ಆಳ ಸುಮಾರು 230 ಮೀಟರ್. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಕೆರೆ ಸರೋವರಗಳ ನೀರನ್ನು ಒಟ್ಟು ಸೇರಿಸಿದರೂ ಇಲ್ಲಿರುವಷ್ಟು ಆಗುವುದಿಲ್ಲ. ‘ನೆಸ್ಸಿ’ ಎಂಬ ದೈತ್ಯಪ್ರಾಣಿಯ ಚಿತ್ರ ಸಿಕ್ಕೀತೆಂದು ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಕ್ಯಾಮೆರಾ ಇಳಿಸುತ್ತ ಬಂದಿರುವುದು ಈ ಕತ್ತಲೆಗೇ.

ಸಂತ ಕೊಲಂಬಾ 6ನೇ ಶತಮಾನದಲ್ಲಿ ನೆಸ್ ನದಿಯ ಮೃಗವೊಂದನ್ನು ಗದರಿಸಿ ಓಡಿಸಿದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಆದರೆ ನೆಸ್ಸಿಯ ಈಗಿನ ಖ್ಯಾತಿ ಹುಟ್ಟಿದ್ದು 1933ರಲ್ಲಿ. ಆ ವರ್ಷದ ಮೇ 2ರಂದು ‘ಇನ್ವರ್ನೆಸ್ ಕೊರಿಯರ್’ ಪತ್ರಿಕೆ, ಸರೋವರದಲ್ಲಿ ಭಾರೀ ಪ್ರಾಣಿಯೊಂದು ನೀರನ್ನು ಕಲಕುತ್ತಿದ್ದುದನ್ನು ಕಂಡವರ ಸುದ್ದಿ ಅಚ್ಚುಮಾಡಿತು. ಮರುವರ್ಷ ಲಂಡನ್ನಿನ ‘ಡೈಲಿ ಮೇಲ್’ನಲ್ಲಿ ಉದ್ದ ಕತ್ತಿನ ಪ್ರಾಣಿಯ ಫೋಟೊ ಬಂತು. ಆಟಿಕೆಯ ಜಲಾಂತರ್ಗಾಮಿಗೆ ಕತ್ತು ಕೂರಿಸಿ ತೆಗೆದ ಚಿತ್ರ ಅದೆಂದು ಬಯಲಾಗಲು 60 ವರ್ಷ ಬೇಕಾಯಿತು. ಅಲ್ಲಿಯವರೆಗೂ ಜಗತ್ತು ನೆಸ್ಸಿಯನ್ನು ಆ ಕತ್ತಿನಿಂದಲೇ ಗುರುತಿಸುತ್ತಿತ್ತು.

ವ್ಯವಸ್ಥಿತ ಕಾವಲು ಶುರುವಾದದ್ದು 1960ರ ದಶಕದಲ್ಲಿ. 1962ರಲ್ಲಿ ಸ್ಥಾಪನೆಯಾದ ತನಿಖಾ ಬ್ಯೂರೊ ಒಂದರ ಸ್ವಯಂಸೇವಕರು ಬೇಸಿಗೆಯುದ್ದಕ್ಕೂ ದಡದಲ್ಲಿ ಉದ್ದದ ಲೆನ್ಸುಗಳನ್ನು ಹೂಡಿ ನೀರಿನ ಮೇಲೆ ಕಣ್ಣಿಟ್ಟು ಕಾದರು. ಹತ್ತು ವರ್ಷ ಕಾದರೂ ಸಂದೇಹಕ್ಕೆ ಎಡೆಯಿಲ್ಲದ ಒಂದು ಚಿತ್ರವೂ ಸಿಗಲಿಲ್ಲ. ಪ್ರಾಣಿ ಮೇಲೆ ಬರದಿದ್ದರೆ ಕ್ಯಾಮೆರಾವೇ ಕೆಳಗೆ ಹೋಗಲಿ ಎಂಬ ಆಲೋಚನೆಗೆ ರೂಪ ಕೊಟ್ಟವರು ಬ್ಯೂರೊ ಜೊತೆಗಿದ್ದ ಶಿಕಾಗೊ ವಿಶ್ವವಿದ್ಯಾಲಯದ ಜೀವವಿಜ್ಞಾನಿ ರಾಯ್ ಮ್ಯಾಕಲ್. 1970ರಲ್ಲಿ ಅವರು ಆರು ಕ್ಯಾಮೆರಾಗಳನ್ನು ಸರೋವರಕ್ಕೆ ಇಳಿಬಿಟ್ಟರು.

ಅವರ ಸಲಕರಣೆ ಬಡವರ ಜಾಣತನದ್ದು. ಒಳಗೆ ಇದ್ದದ್ದು ಆ ಕಾಲದ ಮಧ್ಯಮವರ್ಗದ ಮನೆಮನೆಯಲ್ಲೂ ಕಾಣುತ್ತಿದ್ದ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾ. ಅದಕ್ಕೆ ಗಡಿಯಾರದಂತೆ ಕೀಲಿ ಕೊಟ್ಟ ಯಂತ್ರ, ತಲೆಯ ಮೇಲೆ ಪುಟ್ಟ ಫ್ಲ್ಯಾಶ್ ಕ್ಯೂಬು. ಕ್ಯೂಬಿನ ನಾಲ್ಕು ಮೈಗೆ ಒಂದೊಂದರಂತೆ ನಾಲ್ಕೇ ಬಲ್ಬು, ಹಾಗಾಗಿ ನಾಲ್ಕೇ ಚಿತ್ರ. ಇಷ್ಟನ್ನೂ ನೀರು ನುಗ್ಗದ ಕವಚದಲ್ಲಿ ಬಿಗಿದು, ಹೊರಗೆ ಎರೆ ಕಟ್ಟಿದ ದಾರ ಬಿಡಲಾಗಿತ್ತು. ಯಾವುದೇ ಜೀವಿ ಎರೆಗೆ ಬಾಯಿ ಹಾಕಿ ಎಳೆದರೆ ಫ್ಲ್ಯಾಶ್ ಮಿಂಚಬೇಕು, ಚಿತ್ರ ಬೀಳಬೇಕು, ಫಿಲ್ಮು ತಾನೇ ಮುಂದಕ್ಕೆ ಸುತ್ತಿಕೊಳ್ಳಬೇಕು. ಕಾಡಿನಲ್ಲಿ ಹುಲಿ ಗಣತಿಗೆ ಮರಕ್ಕೆ ಕಟ್ಟುವ ಕ್ಯಾಮೆರಾ ಟ್ರ್ಯಾಪಿನ ಕೆಲಸವೂ ಇಂಥದ್ದೇ. ಅದೇ ವರ್ಷದ ಬಿರುಗಾಳಿಯೊಂದಕ್ಕೆ ಆರರಲ್ಲಿ ಮೂರು ಕ್ಯಾಮೆರಾ ಕಳೆದುಹೋದವು.

ನೀರೊಳಗಿನ ಫ್ಲ್ಯಾಶಿಗೆ ಇಲ್ಲಿ ದೊಡ್ಡ ಶತ್ರು ಪೀಟಿನ ಕಣಗಳು. ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದ ಚಾಲಕನಿಗೆ ರಸ್ತೆಯ ಬದಲು ಬಿಳಿ ಗೋಡೆ ಕಾಣುವಂತೆ, ಲೆನ್ಸಿನ ಪಕ್ಕದಲ್ಲೇ ಹೊಳೆದ ಬೆಳಕು ಕಣಗಳಿಗೆ ಬಡಿದು ವಾಪಸು ಲೆನ್ಸಿಗೇ ಬರುತ್ತದೆ. ದೀಪವನ್ನು ಲೆನ್ಸಿನಿಂದ ದೂರ ಇಡುವುದು ಇದಕ್ಕೊಂದು ಪರಿಹಾರ. ಆಗಲೂ ಕಾಣುವುದು ಕೆಲವೇ ಮೀಟರ್. ಇಷ್ಟು ದೊಡ್ಡ ಜಲರಾಶಿಯಲ್ಲಿ ಅಷ್ಟು ಹತ್ತಿರಕ್ಕೆ ಪ್ರಾಣಿಯೊಂದು ತಾನಾಗಿ ಬರುವ ಸಂಭವ ತೀರ ಕಡಿಮೆ. ಹೀಗಾಗಿ ಲಾಕ್ ನೆಸ್‌ನ ನೀರೊಳಗೆ ಕ್ಯಾಮೆರಾ ಯಾವತ್ತೂ ಒಂಟಿಯಾಗಿ ಕೆಲಸ ಮಾಡಿದ್ದಿಲ್ಲ. ಎರೆಯೊ, ಶಬ್ದದ ಪ್ರತಿಧ್ವನಿಯಿಂದ ಹುಡುಕುವ ಸೋನಾರೊ, ಕಂಪ್ಯೂಟರೊ ಜೊತೆಗಿರಲೇಬೇಕು. ಈ ಹುಡುಕಾಟದ ವಿವಾದಗಳ ಬೇರು ಇರುವುದೂ ಕ್ಯಾಮೆರಾದಲ್ಲಲ್ಲ, ಈ ಜೊತೆಗಾರರಲ್ಲಿ.

ಆ ವಿವಾದಗಳಲ್ಲಿ ಅತ್ಯಂತ ದೊಡ್ಡದು ರಾಬರ್ಟ್ ರೈನ್ಸ್ ಅವರ ಚಿತ್ರಗಳದ್ದು. ಬಾಸ್ಟನ್ನಿನ ಪೇಟೆಂಟ್ ವಕೀಲರೂ ಸಂಶೋಧಕರೂ ಆಗಿದ್ದ ರೈನ್ಸ್, ತಮ್ಮ ಅಕಾಡೆಮಿ ಆಫ್ ಅಪ್ಲೈಡ್ ಸೈನ್ಸ್‌ನ ತಂಡದೊಂದಿಗೆ 1970ರಿಂದ ಇಲ್ಲಿಗೆ ಬರತೊಡಗಿದರು. ಅವರಿಗೆ ಸ್ಟ್ರೋಬ್ ದೀಪದ ಕ್ಯಾಮೆರಾ ಒದಗಿಸಿದವರು ಎಂಐಟಿಯ ಹೆರಾಲ್ಡ್ ಎಡ್ಜರ್ಟನ್. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಿರಿದಾದ ಕ್ಷಣಗಳನ್ನು ಬೆಳಕಿನಲ್ಲಿ ಸೆರೆಹಿಡಿಯುವ ವಿದ್ಯೆಯನ್ನೇ ಬೆಳೆಸಿದವರು ಅವರು. 1972ರ ಆಗಸ್ಟ್ 8ರ ನಸುಕಿನಲ್ಲಿ ಅರ್ಕರ್ಟ್ ಕೊಲ್ಲಿಯಲ್ಲಿ ಸೋನಾರ್ ಕಾಗದದ ಮೇಲೆ ದಪ್ಪ ಗೆರೆಗಳು ಮೂಡಿದವು. ಅದೇ ಹೊತ್ತಿನಲ್ಲಿ ನೀರೊಳಗಿನ ಕ್ಯಾಮೆರಾ ನಿಗದಿತ ಅಂತರದಲ್ಲಿ ಮಿಂಚುತ್ತ ಚಿತ್ರ ತೆಗೆಯುತ್ತಿತ್ತು. ಫಿಲ್ಮನ್ನು ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕಂಪ್ಯೂಟರಿಗೆ ಹಾಕಿ ಸ್ಫುಟಗೊಳಿಸಲಾಯಿತು. ಜಗತ್ತಿನ ಪತ್ರಿಕೆಗಳಲ್ಲಿ ಬಂದ ಚಿತ್ರದಲ್ಲಿ ವಜ್ರಾಕಾರದ ಈಜುರೆಕ್ಕೆ ಕಾಣುತ್ತಿತ್ತು. 1975ರಲ್ಲಿ ಇನ್ನಷ್ಟು ಚಿತ್ರಗಳು ಬಂದವು. ಒಂದರಲ್ಲಿ ಉದ್ದ ಕತ್ತು, ಇನ್ನೊಂದರಲ್ಲಿ ವಿಕಾರ ಮುಖ ಇದೆ ಎಂದರು.

ಆ ವರ್ಷದ ಡಿಸೆಂಬರಿನಲ್ಲಿ ಹೆಸರಾಂತ ಪಕ್ಷಿತಜ್ಞ ಸರ್ ಪೀಟರ್ ಸ್ಕಾಟ್ ಮತ್ತು ರೈನ್ಸ್ ‘ನೇಚರ್’ ಪತ್ರಿಕೆಯಲ್ಲಿ ಪ್ರಾಣಿಗೆ ನೆಸ್ಸಿಟೆರಸ್ ರಾಂಬಾಪ್ಟೆರಿಕ್ಸ್ ಎಂದು ನಾಮಕರಣ ಮಾಡಿದರು. ‘ವಜ್ರಾಕಾರದ ರೆಕ್ಕೆಯುಳ್ಳ ನೆಸ್ ಅದ್ಭುತ’ ಎಂಬುದು ಅದರ ಅರ್ಥ. ಬ್ರಿಟನ್ನಿನ ಹೊಸ ಕಾನೂನಿನಡಿ ರಕ್ಷಣೆ ಸಿಗಬೇಕಾದರೆ ಪ್ರಾಣಿಗೆ ವೈಜ್ಞಾನಿಕ ಹೆಸರು ಇರಬೇಕಿತ್ತು, ಅವಸರಕ್ಕೆ ಕಾರಣ ಅದು. ಆಮೇಲೆ ಮೂಲ ಪ್ರತಿಗಳನ್ನು ಪರಿಶೀಲಿಸಿದವರಿಗೆ ಅಲ್ಲಿ ಕಂಡದ್ದು ಮಸುಕು ಕಲೆಗಳು ಮಾತ್ರ. ಪ್ರಕಟವಾದ ರೆಕ್ಕೆಯ ಸ್ಪಷ್ಟತೆ ಕಂಪ್ಯೂಟರ್ ಸಂಸ್ಕರಣೆಯಿಂದಷ್ಟೇ ಬಂದದ್ದಲ್ಲ, ಅದರ ಮೇಲೂ ಕೈಯಾಡಿಸಲಾಗಿದೆ ಎಂಬ ಆಕ್ಷೇಪ ಎದ್ದಿತು. ವಿಕಾರ ಮುಖವನ್ನು ಹೋಲುವ ಮರದ ಬೊಡ್ಡೆಯೊಂದು 1987ರಲ್ಲಿ ಸರೋವರದ ತಳದಲ್ಲೇ ಸಿಕ್ಕಿತು. ರೈನ್ಸ್ ಮಾತ್ರ 2009ರಲ್ಲಿ ತೀರಿಕೊಳ್ಳುವವರೆಗೆ ನಂಬಿಕೆ ಬಿಡಲಿಲ್ಲ. ಡಾಲ್ಫಿನ್‌ಗಳ ಮೈಗೆ ಕ್ಯಾಮೆರಾ ಕಟ್ಟಿ ಹುಡುಕಿಸಲು ಅವರು 1979ರಲ್ಲಿ ತರಬೇತಿಯನ್ನೂ ಕೊಡಿಸಿದ್ದರು. ಒಂದು ಡಾಲ್ಫಿನ್ ಸತ್ತ ಮೇಲೆ ಆ ಯೋಜನೆ ನಿಂತಿತು. ಅದು ಮೊದಲೇ ಕೈಬಿಡಬೇಕಾಗಿದ್ದ ಯೋಜನೆ.

ಇನ್ನೊಂದು ದಾರಿ ಹಿಡಿದ ಹುಡುಕಾಟಗಾರ ಏಡ್ರಿಯನ್ ಶೈನ್. ಅವರು ಮೊದಲು ಆರಿಸಿಕೊಂಡದ್ದು ಪಶ್ಚಿಮ ತೀರದ ಲಾಕ್ ಮೊರಾರ್ ಸರೋವರವನ್ನು. ಆಳ 310 ಮೀಟರ್ ಇದ್ದರೂ ಅಲ್ಲಿನ ನೀರು ತಿಳಿ, ದಂತಕಥೆಯ ಪ್ರಾಣಿಯೂ ಒಂದಿದೆ. ಒಬ್ಬ ಮನುಷ್ಯ ಕೂತು ಕೆಳಗಿನಿಂದ ಮೇಲಕ್ಕೆ ನೋಡುವಂಥ ಮುಳುಗುಗೋಳವನ್ನು ಕಟ್ಟಿ ಅದಕ್ಕೆ ಅವರಿಟ್ಟ ಹೆಸರು ‘ಮಚಾನ್’. ಬೇಟೆಗಾರರು ಮರದ ಮೇಲೆ ಕಟ್ಟಿಕೊಳ್ಳುತ್ತಿದ್ದ ಅಟ್ಟಣೆಗೆ ಹಿಂದಿಯಲ್ಲಿರುವ ಈ ಮಾತು ಸ್ಕಾಟ್ಲೆಂಡಿನ ನೀರಿನ ತಳ ಸೇರಿದ್ದು ಹೀಗೆ. 1987ರಲ್ಲಿ ಶೈನ್ ಅವರ ನೇತೃತ್ವದ ‘ಆಪರೇಷನ್ ಡೀಪ್‌ಸ್ಕ್ಯಾನ್’ನಲ್ಲಿ ದೋಣಿಗಳ ಸಾಲು ಲಾಕ್ ನೆಸ್‌ನ ಅಗಲವನ್ನು ತುಂಬಿ ಸೋನಾರ್ ಪರದೆ ಎಳೆದಂತೆ ಸಾಗಿತು. ವಿವರಿಸಲಾಗದ ಮೂರು ಪ್ರತಿಧ್ವನಿ ಬಿಟ್ಟರೆ ಮತ್ತೇನೂ ಸಿಗಲಿಲ್ಲ.

ನೆಸ್ಸಿ ಸಿಗದಿದ್ದರೂ ಸಿಕ್ಕಿದ್ದು ಬಹಳ. 1940ರ ಕೊನೆಯ ದಿನ ಸರೋವರಕ್ಕಿಳಿದು ಮುಳುಗಿದ್ದ ವೆಲಿಂಗ್ಟನ್ ಬಾಂಬರ್ ವಿಮಾನ 1976ರ ಹುಡುಕಾಟದಲ್ಲಿ ಸೋನಾರಿಗೆ ಕಂಡಿತು. 1985ರಲ್ಲಿ ಅದನ್ನು ಮೇಲೆತ್ತಲಾಯಿತು, ಈಗ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿದೆ. 2016ರಲ್ಲಿ ರೋಬೊ ಜಲನೌಕೆಯೊಂದು ನೆಸ್ಸಿಯ ಆಕಾರವನ್ನೇ ತಳದಲ್ಲಿ ಕಂಡಿತು. ಅದು ಶರ್ಲಾಕ್ ಹೋಮ್ಸ್ ಕುರಿತ ಬಿಲ್ಲಿ ವೈಲ್ಡರ್ ಚಿತ್ರಕ್ಕಾಗಿ ಮಾಡಿ, 1969ರಲ್ಲಿ ಮುಳುಗಿಹೋದ ಗೊಂಬೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ತಂಡ ನೀರಿನ ಸುಮಾರು 250 ಮಾದರಿಗಳನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಸರೀಸೃಪದ ಕುರುಹು ಇರಲಿಲ್ಲ, ಈಲ್ ಮೀನಿನ ಡಿಎನ್‌ಎ ಮಾತ್ರ ಹೇರಳವಾಗಿತ್ತು.

ಮ್ಯಾಕಲ್ ಅವರ ಕ್ಯಾಮೆರಾಗಳಲ್ಲೊಂದು 2025ರಲ್ಲಿ ಮೇಲೆ ಬಂತು. ಬ್ರಿಟನ್ನಿನ ನ್ಯಾಷನಲ್ ಓಷನೋಗ್ರಫಿ ಸೆಂಟರ್‌ನವರು ‘ಬೋಟಿ ಮೆಕ್‌ಬೋಟ್‌ಫೇಸ್’ ಎಂಬ ಸ್ವಯಂಚಾಲಿತ ಜಲನೌಕೆಯನ್ನು ಸರೋವರದಲ್ಲಿ ಪರೀಕ್ಷಿಸುತ್ತಿದ್ದಾಗ ಸುಮಾರು 180 ಮೀಟರ್ ಆಳದಲ್ಲಿ ಹಳೆಯ ಲಂಗರಿನ ಹಗ್ಗ ಅದಕ್ಕೆ ತೊಡರಿಕೊಂಡಿತು. ಹಗ್ಗದ ಜೊತೆ ಬಂದದ್ದನ್ನು 1970ರ ಕ್ಯಾಮೆರಾ ಎಂದು ಗುರುತಿಸಿದವರು ಶೈನ್. 55 ವರ್ಷ ಕಳೆದರೂ ಕವಚದೊಳಗೆ ನೀರು ಇಳಿದಿರಲಿಲ್ಲ, ಫಿಲ್ಮು ಸಂಸ್ಕರಿಸುವ ಸ್ಥಿತಿಯಲ್ಲಿತ್ತು. ತೊಳೆದು ನೋಡಿದಾಗ ಅದರಲ್ಲಿದ್ದದ್ದು ಸರೋವರದ ಮಬ್ಬು ನೀರು. ಕ್ಯಾಮೆರಾವನ್ನು ದಡದ ಡ್ರಮ್‌ನಡ್ರಾಕಿಟ್ ಊರಿನ ಲಾಕ್ ನೆಸ್ ಸೆಂಟರ್‌ಗೆ ಒಪ್ಪಿಸಲಾಯಿತು.