ಮರಕ್ಕೆ ಜನರಲ್‌ನ ಹೆಸರು, ದಾರಿಗೆ ಯಾರ ಹೆಸರು?

ಬೇಸಿಗೆ ರಜೆ ಬಂತೆಂದರೆ ನಾವು ಗಲ್ಫಿನವರು ಮಂಗಳೂರಿನ ವಿಮಾನ ಹತ್ತುವುದು ರೂಢಿ. ಕಳೆದ ವರ್ಷ ಮಾತ್ರ ನಮ್ಮ ಕುಟುಂಬ ದಿಕ್ಕು ಬದಲಿಸಿತು. ಅಮೆರಿಕದ ಲಾಸ್ ಗ್ಯಾಟೋಸ್‌ನಲ್ಲಿರುವ ತಂಗಿ ಹತ್ತು ವರ್ಷದಿಂದ ಕರೆಯುತ್ತಲೇ ಇದ್ದಳು. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿನಾರು ಗಂಟೆ ವಿಮಾನದಲ್ಲಿ ಕುಳಿತು, ಅಲ್ಲಿಂದ ಕಾರಿನಲ್ಲಿ ಗಂಟೆ ಹೊತ್ತು ಸಾಗಿ ಅವಳ ಮನೆ ಸೇರಿದೆವು.

ಲಾಸ್ ಗ್ಯಾಟೋಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಬೆಕ್ಕುಗಳು’. ಸುತ್ತಲ ಗುಡ್ಡಗಳಲ್ಲಿ ಓಡಾಡುವ ಪ್ಯೂಮಾಗಳಿಂದ ಬಂದ ಹೆಸರಂತೆ. ಇಂದು ಅದು ನೆಟ್‌ಫ್ಲಿಕ್ಸ್ ಕಂಪನಿಯ ಮುಖ್ಯ ಕಚೇರಿಯಿರುವ ಸಿರಿವಂತ ಊರು. ಹತ್ತೊಂಬತ್ತನೇ ಶತಮಾನದಲ್ಲಿ ಹಿಂಬದಿಯ ಸಾಂತಾ ಕ್ರೂಸ್ ಬೆಟ್ಟಗಳ ರೆಡ್‌ವುಡ್ ದಿಮ್ಮಿಗಳ ವ್ಯಾಪಾರದಿಂದ ಬೆಳೆದ ಊರು. ಬೀದಿ ಬದಿಯ ರೆಡ್‌ವುಡ್ ಮರಗಳನ್ನು ನಾವು ಕತ್ತೆತ್ತಿ ನೋಡುತ್ತಿದ್ದರೆ ತಂಗಿ ನಕ್ಕಳು: “ಅಣ್ಣಾ, ಇದಕ್ಕೇ ಬಾಯಿ ಬಿಟ್ಟರೆ ಹೇಗೆ? ಇದರ ದಾಯಾದಿ ಸಿಕ್ವೋಯಾ ಇದೆ, ಅದನ್ನು ನೋಡಿ ಆಮೇಲೆ ಹೇಳು.”

ಹಾಗೆ ಒಂದು ಬೆಳಿಗ್ಗೆ ಚಪಾತಿ, ಮೊಸರನ್ನ ಕಟ್ಟಿಕೊಂಡು ಸಿಕ್ವೋಯಾ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ನಾಲ್ಕೂವರೆ ಐದು ಗಂಟೆಯ ದಾರಿ. ಬೆಟ್ಟ ಇಳಿದರೆ ಸ್ಯಾನ್ ವಾಕೀನ್ ಕಣಿವೆ. ಮೈಲಿಗಟ್ಟಲೆ ಬಾದಾಮಿ, ಕಿತ್ತಳೆ, ದ್ರಾಕ್ಷಿ ತೋಟಗಳು. ಬಿಸಿಲು ನಮ್ಮ ಜೂನ್ ತಿಂಗಳ ಬಿಸಿಲನ್ನು ನೆನಪಿಸುವಂತಿತ್ತು. ತೋಟದ ಸಾಲುಗಳ ನಡುವೆ ತಲೆಗೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಗ್ಗಿ ದುಡಿಯುವವರು ಕಂಡರು. ನಮ್ಮ ಸೈಟಿನ ಹುಡುಗರದೂ ಅದೇ ವೇಷ. ಅಮೆರಿಕದಲ್ಲಿ ಮೊದಲ ಬಾರಿಗೆ ಪರಿಚಯದವರನ್ನು ಕಂಡಂತಾಯಿತು.

ತ್ರೀ ರಿವರ್ಸ್ ಎಂಬ ಪುಟ್ಟ ಊರು ದಾಟಿದ ಮೇಲೆ ಘಾಟಿ ಶುರು. ಉದ್ಯಾನದ ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಕೆಳಗೇ ಟ್ಯಾಂಕ್ ತುಂಬಿಸಿಕೊಳ್ಳಬೇಕು. ರಸ್ತೆಯ ಹೆಸರು ಜನರಲ್ಸ್ ಹೈವೇ. ಆಗುಂಬೆಯಂತೆ ತಿರುವಿನ ಮೇಲೆ ತಿರುವು. ಹತ್ತುತ್ತಾ ಹತ್ತುತ್ತಾ ಆರು ಸಾವಿರ ಅಡಿ ದಾಟುತ್ತದೆ. ನಾವು ಇಪ್ಪತ್ತು ವರ್ಷದಿಂದ ರಸ್ತೆ ಕಂಪನಿಯಲ್ಲಿ ದುಡಿಯುವವರು. ಉಳಿದವರು ಕಣಿವೆ ನೋಡುತ್ತಿದ್ದರೆ ನಮ್ಮ ಕಣ್ಣು ತಡೆಗೋಡೆಯ ಕಲ್ಲಿನ ಮೇಲೆ, ತಿರುವಿನ ಇಳಿಜಾರಿನ ಮೇಲೆ. “ಭಾವಾ, ಇಲ್ಲೂ ಡ್ಯೂಟಿಯಾ?” ಎಂದು ತಂಗಿಯ ಗಂಡ ಕೀಟಲೆ ಮಾಡಿದರು.

ಜೈಂಟ್ ಫಾರೆಸ್ಟ್ ತಲುಪಿದಾಗ ಎಲ್ಲರ ಮಾತು ನಿಂತಿತು. ಕೆಂಪು ಕಾವಿಯ ಬಣ್ಣದ ಕಂಬಗಳು ಒಂದರ ಹಿಂದೆ ಒಂದು. ಜನರಲ್ ಶೆರ್ಮನ್ ಮರದ ಬಳಿಗೆ ಮೆಟ್ಟಿಲ ದಾರಿಯಲ್ಲಿ ಅರ್ಧ ಮೈಲಿ ಇಳಿಯಬೇಕು. ಇಳಿಯುವುದು ಸುಲಭ; ವಾಪಸು ಹತ್ತುವಾಗ ಆ ಎತ್ತರದಲ್ಲಿ ಉಸಿರು ಕಟ್ಟುತ್ತದೆ. ಮರದ ಎತ್ತರ 275 ಅಡಿ, ನಮ್ಮ ಮುರುಡೇಶ್ವರದ ಗೋಪುರಕ್ಕಿಂತ ಹೆಚ್ಚು. ಬುಡದ ಸುತ್ತಳತೆ ಸುಮಾರು 103 ಅಡಿ. ತಬ್ಬಬೇಕಾದರೆ ಇಪ್ಪತ್ತು ಮಂದಿ ಕೈಕೈ ಹಿಡಿಯಬೇಕು. ವಯಸ್ಸು ಸುಮಾರು 2,200 ವರ್ಷವೆಂದು ಅಂದಾಜು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತಿದ ಕಾಲದ ಆಸುಪಾಸಿನಲ್ಲಿ ಇದು ಸಸಿ! ಇದಕ್ಕಿಂತ ಎತ್ತರದ ಮರಗಳಿವೆ, ಆದರೆ ಕಾಂಡದ ಗಾತ್ರದಲ್ಲಿ ಜಗತ್ತಿನ ಅತಿ ದೊಡ್ಡ ಮರ ಇದೇ.

ಇಷ್ಟು ದೊಡ್ಡ ಮರದ ಬೀಜ ಓಟ್ಸ್‌ನ ಒಂದು ಚೂರಿನಷ್ಟು. ಕೋಳಿಮೊಟ್ಟೆ ಗಾತ್ರದ ಕಾಯಿಗಳು ವರ್ಷಗಟ್ಟಲೆ ಮುಚ್ಚಿಕೊಂಡೇ ಇರುತ್ತವೆ. ನೆಲದಲ್ಲಿ ಸಣ್ಣ ಬೆಂಕಿ ಹರಿದಾಗ ಅದರ ಕಾವಿಗೆ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಕಸಕಡ್ಡಿ ಸುಟ್ಟುಹೋದ ಬರಿನೆಲದಲ್ಲಿ ಸಸಿ ಏಳುತ್ತದೆ. ದೊಡ್ಡ ಮರಕ್ಕೆ ಎರಡು ಅಡಿಯವರೆಗೂ ದಪ್ಪದ ತೊಗಟೆಯೇ ಕವಚ. ಇದನ್ನರಿಯದೆ ದಶಕಗಳ ಕಾಲ ಪ್ರತಿಯೊಂದು ಬೆಂಕಿಯನ್ನೂ ಆರಿಸಿದರು. ಸಸಿ ಹುಟ್ಟಲಿಲ್ಲ, ಉರುವಲು ರಾಶಿಬಿತ್ತು. ಬರವೂ ಸೇರಿಕೊಂಡು 2020 ಮತ್ತು 2021ರ ಭಾರೀ ಕಾಳ್ಗಿಚ್ಚುಗಳಲ್ಲಿ ಸಾವಿರಾರು ಹಿರಿಯ ಸಿಕ್ವೋಯಾಗಳು ಸತ್ತವು. 2021ರಲ್ಲಿ ಶೆರ್ಮನ್ ಮರದ ಬುಡಕ್ಕೂ ಬೆಂಕಿ ತಡೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಬೇಕಾಯಿತು. ದಾರಿಯಲ್ಲಿ ಕರಿಕಂಬಗಳಾಗಿ ನಿಂತ ಮರಗಳನ್ನು ನೋಡಿದಾಗ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಹೊಟ್ಟೆ ಚುರ್ ಎಂದಿತು.

ಆದರೆ ನಾವು ಈ ಲೇಖನ ಬರೆಯಲು ಕೂತದ್ದು ಮರಕ್ಕಾಗಿ ಮಾತ್ರವಲ್ಲ, ಅಲ್ಲಿ ತಿಳಿದ ದಾರಿಯ ಕಥೆಗಾಗಿ.

1886ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಮಿಕ ಸಂಘಟನೆಯ ಕೆಲವರು ಇಲ್ಲಿ ‘ಕವೀಯಾ ಕಾಲೊನಿ’ ಎಂಬ ಸಹಕಾರಿ ನೆಲೆ ಕಟ್ಟಿದರು. ಯಾರಿಗೂ ಯಜಮಾನನಿಲ್ಲ, ದುಡಿದ ಹೊತ್ತೇ ಹಣ. ಅವರ ನೋಟಿನ ಮೇಲೆ ಡಾಲರ್ ಬದಲು ನಿಮಿಷಗಳನ್ನು ಅಚ್ಚುಹಾಕುತ್ತಿದ್ದರು! ಮೇಲಿನ ಕಾಡಿನ ಮರ ಕಡಿದು ಇಳಿಸಲು ಗುದ್ದಲಿ, ಪಿಕಾಸಿ ಹಿಡಿದು ನಾಲ್ಕು ವರ್ಷ ಬೆಟ್ಟ ಕೊರೆದು ಸುಮಾರು 18 ಮೈಲಿ ದಾರಿ ಮಾಡಿದರು. ಇಂದಿನ ಶೆರ್ಮನ್ ಮರವನ್ನು ಅವರು ‘ಕಾರ್ಲ್ ಮಾರ್ಕ್ಸ್ ಮರ’ ಎಂದು ಕರೆಯುತ್ತಿದ್ದರು. 1890ರಲ್ಲಿ ದಾರಿ ಮುಗಿಯಿತು; ಅದೇ ವರ್ಷ ಸರ್ಕಾರ ಆ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಕಾಲೊನಿಯವರಿಗೆ ಜಮೀನೂ ದಕ್ಕಲಿಲ್ಲ, ರಸ್ತೆಗೆ ಪರಿಹಾರವೂ ಸಿಗಲಿಲ್ಲ. ಉದ್ಯಾನ ಆಗದಿದ್ದರೆ ಈ ಕಾಡಿಗೆ ಕೊಡಲಿ ಬೀಳುತ್ತಿತ್ತು ನಿಜ. ಮರ ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಬೆವರಿನ ಲೆಕ್ಕ ಚುಕ್ತಾ ಆಗಲಿಲ್ಲ ಎನ್ನುವುದೂ ಅಷ್ಟೇ ನಿಜ.

ಆ ದಾರಿಯನ್ನು ಜೈಂಟ್ ಫಾರೆಸ್ಟ್‌ವರೆಗೆ ಮುಟ್ಟಿಸಿದ್ದು 1903ರಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಯಂಗ್ ಮತ್ತು ಅವರ ಕರಿಯ ಸೈನಿಕರು. ಯಂಗ್ ಹುಟ್ಟಿದಾಗ ತಂದೆತಾಯಿ ಗುಲಾಮಗಿರಿಯಲ್ಲಿದ್ದರು. ಅಮೆರಿಕದ ರಾಷ್ಟ್ರೀಯ ಉದ್ಯಾನವೊಂದರ ಮೇಲ್ವಿಚಾರಕರಾದ ಮೊದಲ ಕರಿಯ ವ್ಯಕ್ತಿ ಅವರು. ಹಿಂದಿನ ಮೂರು ಬೇಸಿಗೆಗಳಲ್ಲಿ ಆಗದಷ್ಟು ಕೆಲಸವನ್ನು ಅವರ ತಂಡ ಒಂದೇ ಬೇಸಿಗೆಯಲ್ಲಿ ಮುಗಿಸಿತು. ಮೆಚ್ಚಿದ ಜನ ಒಂದು ಮರಕ್ಕೆ ಅವರ ಹೆಸರಿಡಲು ಹೊರಟರೆ, ಇಪ್ಪತ್ತು ವರ್ಷದ ನಂತರವೂ ಹಾಗನಿಸಿದರೆ ಇಡಿ ಎಂದರಂತೆ. ಇಟ್ಟದ್ದು ನೂರು ವರ್ಷ ದಾಟಿದ ಮೇಲೆ, 2004ರಲ್ಲಿ. 1926ರಲ್ಲಿ ಜನರಲ್ಸ್ ಹೈವೇ ತೆರೆಯುವವರೆಗೆ ಜೈಂಟ್ ಫಾರೆಸ್ಟ್‌ಗೆ ಮುಖ್ಯ ದಾರಿ ಅದೇ ಆಗಿತ್ತು.

ಯಂಗ್ ಅವರ ಹೆಸರಾದರೂ ಉಳಿಯಿತು. ಪಿಕಾಸಿ ಹಿಡಿದ ಉಳಿದವರದು?

ಇಳಿಯುವಾಗ ಮಗಳು ಕೇಳಿದಳು: “ಅಪ್ಪಾ, ನೀವು ಮಾಡಿದ ರಸ್ತೆ ಯಾವುದು? ನನಗೆ ಯಾವತ್ತೂ ತೋರಿಸಿಲ್ಲವಲ್ಲ.” ಹೌದಲ್ಲ! ಹದಿನಾರು ವರ್ಷದ ಹುಡುಗಿ, ಗಲ್ಫಿನಲ್ಲೇ ಬೆಳೆದವಳು. ನಾವು ನಿಂತು ಕಟ್ಟಿಸಿದ ಮೇಲ್ಸೇತುವೆಯ ಮೇಲೆಯೇ ದಿನಾ ಶಾಲೆಗೆ ಹೋಗುತ್ತಾಳೆ. ಹೇಳಿಕೊಳ್ಳುವಂಥದ್ದೇನಿದೆ ಎಂದು ನಾವೇ ಸುಮ್ಮನಿದ್ದೆವು.

ವಾಪಸು ಬಂದ ಮೊದಲ ಶುಕ್ರವಾರ ಆ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ತೋರಿಸಿದೆವು. ಯಾವ ಕಂಬದ ಕಾಂಕ್ರೀಟ್ ರಾತ್ರಿ ಎರಡು ಗಂಟೆಗೆ ಸುರಿದದ್ದು, ಯಾರ ಡಬ್ಬಿಯ ಊಟ ಯಾರು ಹಂಚಿಕೊಂಡರು ಎಲ್ಲ ಹೇಳಿದೆವು. ಆಮೇಲೆ ಮನೆಯಲ್ಲಿ ಒಂದು ಹಳೆ ಡೈರಿ ತೆಗೆದು, ಜೊತೆಗೆ ದುಡಿದವರ ಹೆಸರು, ಊರು ಬರೆಯತೊಡಗಿದೆವು. ಕುಂದಾಪುರದವರು, ಬೀದರಿನವರು, ಕಾಸರಗೋಡಿನವರು, ಪೇಶಾವರದವರು, ಢಾಕಾದವರು. ನಲವತ್ತೊಂದು ಹೆಸರು ನೆನಪಾಯಿತು. ಕೆಲವರ ಮುಖ ಮಾತ್ರ ಬರುತ್ತದೆ, ಹೆಸರು ಬರುವುದಿಲ್ಲ.

ಓದುಗ ಬಂಧುಗಳೇ, ವೀಸಾ ಮುಗಿದ ದಿನ ನಾವೆಲ್ಲ ಇಲ್ಲಿಂದ ಹೊರಡುವವರೇ. ನಾವು ಹಾಕಿದ ರಸ್ತೆ, ಎಳೆದ ವೈರು, ಕಟ್ಟಿದ ಗೋಡೆ ಇಲ್ಲೇ ಇರುತ್ತದೆ. ಊರಿಗೆ ಹೋಗುವ ಮೊದಲು ಒಂದು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿ. ಮಕ್ಕಳು ಊರಲ್ಲಿದ್ದರೆ ಒಂದು ಫೋಟೋ ಕಳಿಸಿ. ಜೊತೆಗಾರರ ಹೆಸರುಗಳನ್ನು ಮಾತ್ರ ಇವತ್ತೇ ಬರೆದಿಡಿ.