‘4ಕೆ’ ಅಂತ ಬರೆದುಬಿಟ್ಟರೆ ಹಳೇ ಸಿನಿಮಾ ಹೊಸದಾಗುತ್ತಾ?

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಮತ್ತೆ ಸುದ್ದಿಯಾಗಿದ್ದು 2024ರ ವೆನಿಸ್ ಚಿತ್ರೋತ್ಸವದಲ್ಲಿ. ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲಂ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು 4ಕೆಯಲ್ಲಿ ರೆಸ್ಟೋರ್ ಮಾಡಿದ್ದವು. ಇತ್ತ ನಮ್ಮ ಐ.ಡಿ.ಹಳ್ಳಿಯಲ್ಲಿ ಕೂತು ಮೊಬೈಲ್ ತೆಗೆದರೆ, ಯೂಟ್ಯೂಬಿನಲ್ಲಿ ಎಷ್ಟೋ ಕಪ್ಪು-ಬಿಳುಪು ಚಿತ್ರಗಳು ‘ಎಚ್‌ಡಿ’, ‘4ಕೆ’ ಅನ್ನೋ ಹಣೆಪಟ್ಟಿ ಹಚ್ಚಿಕೊಂಡು ಸಿಗುತ್ತವೆ. ಹೆಸರು ಒಂದೇ, ಮಾಲು ಬೇರೆ.

ನಿಜವಾದ ರೆಸ್ಟೋರೇಶನ್ ಶುರುವಾಗೋದು ಕ್ಯಾಮೆರಾದಿಂದ ಬಂದ ಮೂಲ ನೆಗೆಟಿವ್‌ನಿಂದ. ಹರಿದ ಜಾಗವನ್ನು ಕೈಯಲ್ಲೇ ಅಂಟಿಸಿ, ತೊಳೆದು, ಒಂದೊಂದೇ ಫ್ರೇಮ್ ಸ್ಕ್ಯಾನ್ ಮಾಡಬೇಕು. ಸೆಕೆಂಡಿಗೆ 24 ಫ್ರೇಮ್ ಅಂದರೆ 100 ನಿಮಿಷದ ಚಿತ್ರಕ್ಕೆ 1,44,000 ಫ್ರೇಮ್. ಆಮೇಲೆ ಗೀರು ತೆಗೆಯೋದು, ಅಲುಗಾಟ ನಿಲ್ಲಿಸೋದು, ಕಪ್ಪು-ಬಿಳುಪಿನ ಹದ ಕೂಡಿಸೋದು. ಫಿಲ್ಮಿನ ಸಣ್ಣ ಮರಳಿನಂಥ ಕಣಗಳನ್ನು ಮಾತ್ರ ಮುಟ್ಟಬಾರದು. ಅದು ಕೊಳೆಯಲ್ಲ, ಚಿತ್ರ ಮೂಡಿರೋದೇ ಅದರಿಂದ.

ನಮ್ಮ ಕಡೆ ಹಳೇ ಸಿನಿಮಾ ಮನೆಯೊಳಗೆ ಬಂದದ್ದು ವಿಸಿಡಿಯಾಗಿ. ಪಾಲ್ ವಿಸಿಡಿಯ ಚಿತ್ರ 352×288, ಅಂದರೆ ಸುಮಾರು ಒಂದು ಲಕ್ಷ ಚುಕ್ಕೆ. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ. ಆ ವಿಸಿಡಿಯನ್ನೇ ಹಿಗ್ಗಿಸಿ 4ಕೆ ಅಂದರೆ, ಕಂಪ್ಯೂಟರ್ ಒಂದು ಚುಕ್ಕೆ ನೋಡಿ 82 ಚುಕ್ಕೆ ತುಂಬಿಸಿದೆ ಅಂತರ್ಥ. ಕಂಪ್ಯೂಟರ್ ಊಹೆ ಮಾಡುತ್ತೆ, ನೆನಪು ಮಾಡಿಕೊಳ್ಳಲ್ಲ. ಅದಕ್ಕೇ ಮುಖಗಳು ಮೇಣದ ಗೊಂಬೆ ಥರ, ಕೂದಲು ಬಣ್ಣ ಬಳಿದ ಥರ ಕಾಣೋದು. ಇನ್ನೊಂದು ತಮಾಷೆ ಕೇಳಿ: 24 ಫ್ರೇಮಿನ ಚಿತ್ರವನ್ನು ಪಾಲ್ ಟಿವಿಯ 25ಕ್ಕೆ ಓಡಿಸಿದರೆ 100 ನಿಮಿಷದ್ದು 96ಕ್ಕೆ ಮುಗಿಯುತ್ತೆ, ದನಿಯ ಶ್ರುತಿಯೂ ಏರುತ್ತೆ. ಹಾಗೆ ತಯಾರಾದ ಕಾಪಿಯಲ್ಲಿ ಕೇಳಿಸೋದು ಪಿ.ಬಿ. ಶ್ರೀನಿವಾಸ್ ಹಾಡಿದ ಶ್ರುತಿಯಲ್ಲ.

ಬಣ್ಣ ಹಾಕೋದು ಇನ್ನೂ ಬೇರೆ ವಿಷಯ. ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣದಲ್ಲಿ ಬಂದವು. ಬಣ್ಣದ ಅಣ್ಣಾವ್ರನ್ನು ನೋಡೋ ಖುಷಿಗೆ ನನ್ನ ತಕರಾರಿಲ್ಲ. ಆದರೆ ಆ ಬೆಳಕು-ನೆರಳನ್ನು ಛಾಯಾಗ್ರಾಹಕ ಜೋಡಿಸಿದ್ದು ಕಪ್ಪು-ಬಿಳುಪಿಗಾಗಿ. ಅದನ್ನು ರೆಸ್ಟೋರೇಶನ್ ಅನ್ನೋಕಾಗಲ್ಲ.

ಈಗ ರಾಜಕಾರಣಕ್ಕೆ ಬರೋಣ. ನೆಗೆಟಿವ್ ಯಾರ ಹತ್ತಿರ ಇರಬೇಕು? 1954ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನೂ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಸಿನಿಮಾದ ನೆಗೆಟಿವ್ ಕೊಡಲೇಬೇಕು ಅನ್ನೋ ಅಂಥ ಕಾಯ್ದೆ ಇಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಇದೆ, ಶುರುವಾಗಿದ್ದು 1964ರಲ್ಲಿ; ‘ಘಟಶ್ರಾದ್ಧ’ದ ನೆಗೆಟಿವ್ ಉಳಿದದ್ದು ಅಲ್ಲೇ. ಅಲ್ಲಿಗೆ ತಲುಪದ ಚಿತ್ರದ ಹಣೆಬರಹ ನಿರ್ಮಾಪಕರ ಮನೆ, ಲ್ಯಾಬಿನ ಗೋದಾಮಿನ ಪಾಲು. ಅಸಿಟೇಟ್ ಫಿಲ್ಮ್ ಸೆಕೆ, ತೇವಕ್ಕೆ ಸಿಕ್ಕರೆ ವಿನೆಗರ್ ವಾಸನೆ ಬಿಟ್ಟು, ಕುಗ್ಗಿ, ಸುರುಟಿಹೋಗುತ್ತೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಒಂದು ಪ್ರತಿಯೂ ಉಳಿದಿಲ್ಲ.

ಪುಸ್ತಕಕ್ಕೆ ಕಾಯ್ದೆ ಬಂದ ಅದೇ 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ಚಿತ್ರದ ಮೇಲಿನ ಕೃತಿಸ್ವಾಮ್ಯ 60 ವರ್ಷ. ಅಂದರೆ 2015ರಿಂದ ಅದು ಎಲ್ಲರದ್ದು, ಸರ್ಕಾರವೇ ರೆಸ್ಟೋರ್ ಮಾಡಿಸಿ ಪುಕ್ಕಟೆ ಹಂಚಬಹುದು. ಆದರೆ ಹಕ್ಕು ಸಿಕ್ಕ ಮಾತ್ರಕ್ಕೆ ಸ್ಕ್ಯಾನರ್‌ಗೆ ಹಾಕೋಕೆ ಫಿಲ್ಮ್ ಸಿಕ್ಕಂತಲ್ಲ. ಅದಕ್ಕೇ ಕರ್ನಾಟಕ ಚಲನಚಿತ್ರ ಅಕಾಡೆಮಿಯಿಂದ ನಾವು ಕೇಳಬೇಕಾದ್ದು ಇನ್ನೊಂದು ಉತ್ಸವವನ್ನಲ್ಲ, ಒಂದು ಪಟ್ಟಿಯನ್ನು: 1980ಕ್ಕಿಂತ ಮುಂಚಿನ ಯಾವ ಕನ್ನಡ ಚಿತ್ರದ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಎಷ್ಟು ರೀಲು ಇವೆ ಅಂತ.